ಓಝೋನ್ ಶಿರಸಿಗೆ ಒಗ್ಗೀತು, ಕಾರವಾರಕ್ಕೆ?

ರೋಗಾಣು ಕೊಲ್ಲಲು ಚರಂಡಿ ನೀರಿಗೆ ಓಝೋನ್ ಹಾಯಿಸುವ ಉಪಾಯ ಹೊಸತೆಂದು ತೋರಬಹುದು. ಸಿಡಿಲು ಬಡಿದ ಮೇಲೆ ಮೂಗಿಗೆ ತಾಗುವ ಆ ಘಾಟಿನ ಅನಿಲವನ್ನು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಗುರುತಿಸಿದ್ದು 1840ರ ಸುಮಾರಿಗೆ. 1906ರ ಹೊತ್ತಿಗೆ ಫ್ರಾನ್ಸಿನ ನೀಸ್ ನಗರ ಕುಡಿಯುವ ನೀರನ್ನು ಅದರಿಂದಲೇ ಶುದ್ಧೀಕರಿಸತೊಡಗಿತ್ತು.

ಆಮೇಲೆ ಗೆದ್ದದ್ದು ಕ್ಲೋರಿನ್. ಅದು ಅಗ್ಗ, ಸಿಲಿಂಡರಿನಲ್ಲಿ ತುಂಬಿ ಎಲ್ಲಿಗೂ ಸಾಗಿಸಬಹುದು. ಓಝೋನ್ ಹಾಗಲ್ಲ. ನೀರಿನಲ್ಲಿ ನಿಮಿಷಗಳಲ್ಲೇ ಒಡೆದು ಇಲ್ಲವಾಗುವ ಅದನ್ನು ಬೇಕಾದಲ್ಲೇ, ಬೇಕಾದಾಗಲೇ, ಗಾಳಿಗೆ ಅಧಿಕ ವೋಲ್ಟೇಜಿನ ವಿದ್ಯುತ್ ಹಾಯಿಸಿ ತಯಾರಿಸಬೇಕು. 1974ರಲ್ಲಿ ರಾಟರ್‌ಡ್ಯಾಮಿನ ರಸಾಯನಶಾಸ್ತ್ರಜ್ಞ ಯೊಹಾನ್ನೆಸ್ ರೂಕ್, ಕ್ಲೋರಿನ್ ನೀರಿನಲ್ಲಿರುವ ಸಾವಯವ ವಸ್ತುವಿನೊಡನೆ ಸೇರಿ ಕ್ಲೋರೋಫಾರ್ಮ್‌ನಂಥ ಹಾನಿಕರ ರಾಸಾಯನಿಕಗಳನ್ನು ಹುಟ್ಟಿಸುತ್ತದೆಂದು ತೋರಿಸಿದ ಮೇಲೆ ಓಝೋನಿಗೆ ಮತ್ತೆ ಬೆಲೆ ಬಂತು. ಸ್ವಿಟ್ಜರ್ಲೆಂಡಿನಲ್ಲಿ 2016ರಿಂದ ಆಯ್ದ ಘಟಕಗಳು ಕೊಳಚೆ ನೀರಿನಲ್ಲಿ ಉಳಿಯುವ ಔಷಧಗಳ ಅಂಶವನ್ನೂ ತೆಗೆಯಬೇಕೆಂಬ ನಿಯಮವಿದೆ. ನೋವಿನ ಮಾತ್ರೆಯ ಡೈಕ್ಲೋಫೆನಾಕ್ ಅನ್ನು ಒಡೆಯಲು ಅಲ್ಲಿ ಬಳಸುವ ದಾರಿಗಳಲ್ಲಿ ಓಝೋನ್ ಒಂದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಆಸೆ ಹುಟ್ಟುವುದು ಬಳಚು ಎಂಬ ಚಿಪ್ಪುಜೀವಿಯಿಂದ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದೆ. ನೀರನ್ನು ಸೋಸಿಯೇ ಬದುಕುವ ಅಲ್ಲಿನ ಬಳಚಿಗೆ ಉಳಿಕೆ ಕ್ಲೋರಿನ್ ವಿಷ. ಓಝೋನ್ ಅಂಥ ಶೇಷ ಬಿಡುವುದಿಲ್ಲ.

ಆದರೆ ಉಪ್ಪು ಅಡ್ಡ ಬರುತ್ತದೆ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಎಂಬ ಲವಣಾಂಶ ಇರುತ್ತದೆ. ಓಝೋನ್ ತಾಗಿದರೆ ಅದರಲ್ಲೊಂದು ಪಾಲು ಬ್ರೋಮೇಟ್ ಆಗುತ್ತದೆ. ಕ್ಯಾನ್ಸರ್ ಶಂಕೆಯಿಂದ ಕುಡಿಯುವ ನೀರಿನಲ್ಲಿ ಅದಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯಿದೆ. ಭರತದ (ಉಬ್ಬರದ) ನೀರು ಒಳಚರಂಡಿಗೆ ನುಗ್ಗುವ ಕಡಲಂಚಿನ ಊರುಗಳಲ್ಲಿ ಇದು ಪುಸ್ತಕದ ಆತಂಕವಲ್ಲ. ಘಟ್ಟದ ಮೇಲಿನ ಶಿರಸಿಗೆ ಈ ತೊಡಕಿಲ್ಲ. ಕರಾವಳಿಯ ಮಳೆಗಾಲದ ತೇವವೂ ಯಂತ್ರಕ್ಕೆ ವೈರಿ: ಗಾಳಿಯನ್ನು ಚೆನ್ನಾಗಿ ಒಣಗಿಸದಿದ್ದರೆ ಓಝೋನಿನ ಇಳುವರಿ ಕುಸಿಯುತ್ತದೆ, ನೈಟ್ರಿಕ್ ಆಮ್ಲ ಹುಟ್ಟಿ ಉಪಕರಣವನ್ನೇ ತಿನ್ನುತ್ತದೆ.

ಇನ್ನೊಂದು ಮಾತು, ಮಾರಾಟಗಾರರು ಹೇಳಲು ಹಿಂಜರಿಯುವಂಥದ್ದು. ಕಚ್ಚಾ ಕೊಳಚೆಗೆ ಓಝೋನ್ ಬಿಟ್ಟರೆ ಹೊಲಸೇ ಅದನ್ನೆಲ್ಲ ನುಂಗುತ್ತದೆ. ರೋಗಾಣುವಿಗೆ ತಲುಪುವುದು ಅತ್ಯಲ್ಪ. ಹೊಲಸನ್ನು ತಿನ್ನುವ ಬ್ಯಾಕ್ಟೀರಿಯಾದ ತೊಟ್ಟಿ, ತಿಳಿಗೊಳಿಸುವಿಕೆ ಎಲ್ಲ ಮುಗಿದ ನೀರಿಗಷ್ಟೇ ಅದು ಕೊನೆಯ ಹಂತ. ಆದ್ದರಿಂದ ಯಾವುದೇ ಪುರಸಭೆ ಯಂತ್ರದ ಟೆಂಡರ್ ಕರೆಯುವ ಮೊದಲು ಎಷ್ಟು ಮನೆಗಳ ಕೊಳವೆ ಒಳಚರಂಡಿಗೆ ಸೇರಿದೆ ಎಂದು ಎಣಿಸಬೇಕು, ಭರತದ ಹೊತ್ತಿನಲ್ಲಿ ಆ ನೀರಿನ ಬ್ರೋಮೈಡ್ ಅಳೆಯಿಸಬೇಕು.