ಬೆಂಗಳೂರಿನ ಗೋಡೆಗಳು ಹಗುರಾದ ಬಗೆ

ವೈಟ್‌ಫೀಲ್ಡ್, ಹೆಬ್ಬಾಳದ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ಕಂಬ-ತೊಲೆಗಳ ನಡುವೆ ಬೂದಿ ಬಿಳುಪಿನ ದೊಡ್ಡ ಬ್ಲಾಕುಗಳು ಕಾಣುತ್ತವೆ. ಎರಡು ಅಡಿ ಉದ್ದವಿದ್ದರೂ ಒಬ್ಬನೇ ಸಲೀಸಾಗಿ ಎತ್ತಬಹುದು. ಅದರಲ್ಲಿ ಮುಕ್ಕಾಲು ಪಾಲು ಗಾಳಿ.

ಗಾಳಿ ತುಂಬುವ ಈ ವಿದ್ಯೆ ಸ್ವೀಡನ್ನಿನದು. 1920ರ ದಶಕದಲ್ಲಿ ಯೋಹಾನ್ ಆಕ್ಸೆಲ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿ, ಸುಣ್ಣ ಬೆರೆತ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಹಾಕಿದರೆ ಹೈಡ್ರೋಜನ್ ಗುಳ್ಳೆಗಳೆದ್ದು ಅದು ಇಡ್ಲಿ ಹಿಟ್ಟಿನಂತೆ ಉಬ್ಬುವುದನ್ನು ಬಳಸಿಕೊಂಡರು. ಉಬ್ಬಿದ್ದನ್ನು ತಂತಿಯಿಂದ ಕೊಯ್ದು, ಒತ್ತಡದ ಹಬೆಯಲ್ಲಿ ಬೇಯಿಸಿದರೆ ಗಟ್ಟಿ ‘ಹಬೆ ಬ್ಲಾಕು’ (ಮಾರುಕಟ್ಟೆಯಲ್ಲಿ ಎಎಸಿ ಬ್ಲಾಕು) ಸಿದ್ಧ. 1929ರಲ್ಲಿ ಕಾರ್ಖಾನೆಯ ಉತ್ಪಾದನೆ ಶುರುವಾಯಿತು. ಅಲ್ಲಿನ ಒಂದು ಬಗೆಯ ಬ್ಲಾಕಿಗೆ ಯುರೇನಿಯಂ ಅಂಶವಿದ್ದ ಶೇಲ್ ಕಲ್ಲು ಬಳಸಿದ್ದರಿಂದ ಮನೆಗಳಲ್ಲಿ ವಿಕಿರಣ ಸೂಸುವ ರೇಡಾನ್ ಅನಿಲ ಸೇರಿಕೊಳ್ಳುವುದು ಪತ್ತೆಯಾಗಿ, 1970ರ ದಶಕದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ‘ಹಸಿರು ವಸ್ತು’ ಎಂಬ ಜಾಹೀರಾತು ಓದುವಾಗ ಇದು ನೆನಪಿರಲಿ.

ಇದರ ದಾಯಾದಿಯೇ ನೊರೆ ಕಾಂಕ್ರೀಟು. ಇದಕ್ಕೆ ಹಬೆ ಬೇಡ. ನೊರೆಯನ್ನು ಬೇರೆಯಾಗಿ ಎಬ್ಬಿಸಿ ಸಿಮೆಂಟ್ ರಾಡಿಗೆ ಬೆರೆಸಿದರೆ ಸೈಟಿನಲ್ಲೇ ತಯಾರು. ಪೈಪಿನಲ್ಲಿ ಹರಿಸಬಹುದು, ವೈಬ್ರೇಟರ್ ಹಿಡಿಯಬೇಕಿಲ್ಲ. ಇಂಗ್ಲೆಂಡಿನ ಬಾತ್ ಪಟ್ಟಣದ ಕೆಳಗಿದ್ದ ಹಳೆಯ ಕಲ್ಲುಗಣಿಗಳನ್ನು ತುಂಬಿದ್ದು ಇದರಿಂದಲೇ. ವಿಮಾನ ನಿಲ್ದಾಣಗಳಲ್ಲೂ ಈ ಜಾತಿಯ ಕಾಂಕ್ರೀಟಿಗೆ ಕೆಲಸವಿದೆ: ರನ್‌ವೇ ದಾಟಿ ನುಗ್ಗಿದ ವಿಮಾನದ ಚಕ್ರದಡಿ ಪುಡಿಯಾಗಿ ಅದನ್ನು ತಡೆಯುವ ಹಾಸು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ 158 ಮಂದಿ ಸತ್ತ ಬಳಿಕ ಇಂಥ ಹಾಸಿನ ಮಾತು ನಮ್ಮಲ್ಲೂ ಕೇಳಿಬಂತು.

ಭಾರತ ಈ ಹಗುರ ಕಾಂಕ್ರೀಟನ್ನು ಮೊದಲು ನೋಡಿದ್ದು ಬಿಸಿಲು ತಡೆಯುವ ಹೊದಿಕೆಯಾಗಿ. 1972ರ ಭಾರತೀಯ ಮಾನದಂಡ ಐಎಸ್ 6598 ಅದಕ್ಕೇ ಬರೆದದ್ದು. ಹಬೆ ಬ್ಲಾಕಿನ ಮಾನದಂಡ 1984ರಲ್ಲಿ ಬಂದರೆ, ನೊರೆ ಬ್ಲಾಕಿನದು 2008ರಲ್ಲಿ. ಆದರೆ ಬೆಂಗಳೂರು ಬದಲಾದದ್ದು ಮಾನದಂಡ ಓದಿ ಅಲ್ಲ. ಕೆರೆಗೋಡು, ಹೊಲದ ಮೇಲ್ಮಣ್ಣಿನಿಂದ ಸುಟ್ಟ ಇಟ್ಟಿಗೆ ದುಬಾರಿಯಾಯಿತು. ಅದರ ಜಾಗಕ್ಕೆ ಬಂದ ಗಟ್ಟಿ ಕಾಂಕ್ರೀಟಿನ ಸಾಲಿಡ್ ಬ್ಲಾಕು ಎರಡಂತಸ್ತಿನ ಮನೆಗೆ ಸರಿ, ಇಪ್ಪತ್ತಂತಸ್ತಿಗೆ ಭಾರ. ಅತ್ತ 1999ರ ಕೇಂದ್ರ ಅಧಿಸೂಚನೆ, ಉಷ್ಣ ವಿದ್ಯುತ್ ಸ್ಥಾವರಗಳ ಆಸುಪಾಸಿನ ಇಟ್ಟಿಗೆಗೆ, ಅಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ ಬೆರೆಸಲೇಬೇಕೆಂದಿತು. ಹಬೆ ಬ್ಲಾಕಿಗೂ ಇದೇ ಬೂದಿ ಒಳ್ಳೆಯ ಕಚ್ಚಾವಸ್ತು.

ಲೆಕ್ಕ ಸರಳ. ಒಂದು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 20 ಸೆಂ.ಮೀ. ದಪ್ಪದ ಗೋಡೆ ಸಾಲಿಡ್ ಬ್ಲಾಕಿನದಾದರೆ ಸುಮಾರು 1,200 ಕಿಲೋ. ಹಬೆ ಬ್ಲಾಕಿನದಾದರೆ ಗಾರೆ ಸೇರಿ 400ರ ಆಸುಪಾಸು. ಈ ವ್ಯತ್ಯಾಸ ಪ್ರತಿ ಮಹಡಿಯಲ್ಲೂ ಕೂಡುತ್ತಾ ಹೋಗಿ, ಕಂಬದ ಕಬ್ಬಿಣ, ಪಾಯದ ಅಗಲ ಎರಡೂ ಇಳಿಯುತ್ತವೆ. ಬಿಲ್ಡರ್ ಒಲಿದದ್ದು ಈ ಉಳಿತಾಯಕ್ಕೆ, ಪರಿಸರಕ್ಕಲ್ಲ. ಬಚ್ಚಲುಮನೆಯ ತಗ್ಗಿಸಿದ ಸ್ಲ್ಯಾಬಿಗೆ ಇಟ್ಟಿಗೆ ಚೂರು ಸುರಿಯುತ್ತಿದ್ದವರು ನೊರೆ ಕಾಂಕ್ರೀಟಿಗೆ ಹೊರಳಿದ್ದಕ್ಕೂ ಇದೇ ಕಾರಣ.

ಇನ್ನು ಹಬೆ ಬ್ಲಾಕಿನ ಗೋಡೆ ಬಿರುಕು ಬಿಡುತ್ತದೆಂಬ ದೂರು. ಬಹುಪಾಲು ಕಡೆ ತಪ್ಪು ಬ್ಲಾಕಿನದಲ್ಲ, ಕಟ್ಟಿದ ರೀತಿಯದು. ಮೇಸ್ತ್ರಿ ಇಟ್ಟಿಗೆಯನ್ನು ನೆನೆಸಿದಂತೆ ಇದನ್ನೂ ನೀರಿನಲ್ಲಿ ತೋಯಿಸುತ್ತಾನೆ. ಕುಡಿದ ನೀರು ಆರುವಾಗ ಬ್ಲಾಕು ಕುಗ್ಗುತ್ತದೆ. ಮೂರು ಮಿಲಿಮೀಟರ್ ಅಂಟು ಸಾಕಿದ್ದಲ್ಲಿ ಅರ್ಧ ಇಂಚು ಗಾರೆ ಬೀಳುತ್ತದೆ. ಕಂಬ ಮತ್ತು ಗೋಡೆ ಸೇರುವ ಕಡೆ ಜಾಲರಿ ಹೊಡೆಯದೆ ಪ್ಲಾಸ್ಟರ್ ಮಾಡಿದರೆ ಬಿರುಕು ಗ್ಯಾರಂಟಿ. ಗುತ್ತಿಗೆದಾರರು ಹೊಸ ಬ್ಲಾಕು ತಂದರೇ ಹೊರತು ಕೈಗೆ ಹೊಸ ಪಾಠ ಹೇಳಿಸಲಿಲ್ಲ.

ಉಳಿದಿರುವುದು ನೆಲದಡಿಯ ಬಳಕೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ, ಧರ್ಮಾಂಬುಧಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿಕೊಂಡ ಊರಿದು. ಮೆತ್ತನೆಯ ಕೆರೆಯಂಗಳದಲ್ಲಿ ಸೇತುವೆಯ ಏರು ಕಟ್ಟುವಾಗ ಮಣ್ಣಿನ ಬದಲು ನೊರೆ ಕಾಂಕ್ರೀಟು ತುಂಬಿದರೆ ಕುಸಿತವೂ ಪಕ್ಕದ ಒತ್ತಡವೂ ತಗ್ಗುತ್ತವೆ. ಆದರೆ ಘನ ಮೀಟರಿಗೆ 500 ಕಿಲೋ ತೂಗುವ ವಸ್ತು ನೀರಿಗಿಂತ ಹಗುರ. ಮಳೆಗೆ ಕೆರೆ ತನ್ನ ಹಳೆಯ ಜಾಗಕ್ಕೆ ಮರಳಿದರೆ ತುಂಬಿದ್ದೆಲ್ಲ ಮೇಲಕ್ಕೆ ತೇಲಲು ನೋಡುತ್ತದೆ. ಹಾಗಾಗಿ ವಿನ್ಯಾಸಕಾರರು ಅದರ ಮೇಲೆ ಸಾಕಷ್ಟು ಭಾರ ಹೇರಬೇಕು, ಇಲ್ಲವೇ ನೀರು ಬಸಿದುಹೋಗಲು ಮೊದಲೇ ದಾರಿ ಮಾಡಬೇಕು.