64 ಜಿಬಿ ಪೆನ್‌ಡ್ರೈವ್, ದಾವಣಗೆರೆ ಬಸ್ಸು, 100 ಎಂಬಿಪಿಎಸ್ ಲೈನು

ಮೊದಲು ಈ ಲೆಕ್ಕ ಬಿಡಿಸಿ. ಚಿತ್ರದುರ್ಗದಲ್ಲಿ 64 ಜಿಬಿ ಪೆನ್‌ಡ್ರೈವ್ ತುಂಬಿಸಿ ದಾವಣಗೆರೆ ಬಸ್ಸು ಹತ್ತಿಸಿದರೆ ಸುಮಾರು 60 ಕಿ.ಮೀ. ದಾರಿ, ಒಂದೂವರೆ ಗಂಟೆ ಅಂದುಕೊಳ್ಳೋಣ. 64,000 ಎಂಬಿಯನ್ನು 8ರಿಂದ (ಒಂದು ಬೈಟಿಗೆ ಎಂಟು ಬಿಟ್) ಗುಣಿಸಿದರೆ 5,12,000 ಮೆಗಾಬಿಟ್. 5,400 ಸೆಕೆಂಡಿನಿಂದ ಭಾಗಿಸಿದರೆ ಹತ್ತಿರಹತ್ತಿರ 95 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಕೆಂಪು ಬಸ್ಸು ಫೈಬರ್ ಲೈನಿಗೆ ಸರಿಸಮ! (ಪೆನ್‌ಡ್ರೈವ್ ಸೆಕೆಂಡಿಗೆ 20 ಎಂಬಿ ಬರೆಯುವಂಥದ್ದಾದರೆ ತುಂಬಿಸಲೇ 53 ನಿಮಿಷ ಬೇಕು. ಅದನ್ನೂ ಸೇರಿಸಿದರೆ ವೇಗ 60 ಎಂಬಿಪಿಎಸ್‌ಗೆ ಇಳಿಯುತ್ತದೆ.)

ಹಾಗಾದರೆ ಸಾಫ್ಟ್‌ವೇರನ್ನು ಡಿಸ್ಕಿನಲ್ಲಿ ಮಾರುವ ಅಂಗಡಿಗಳು ಸೋತದ್ದು ಯಾಕೆ? ಬಸ್ಸಿಗೆ 64 ಜಿಬಿಯೂ ಒಂದೂವರೆ ಗಂಟೆ, 20 ಎಂಬಿಯ ಪ್ಯಾಚೂ (ಸಾಫ್ಟ್‌ವೇರಿನ ತಪ್ಪು ತಿದ್ದುವ ಚಿಕ್ಕ ಫೈಲು) ಒಂದೂವರೆ ಗಂಟೆ. ಲೈನಿಗೆ ಆ ಪ್ಯಾಚು 1.6 ಸೆಕೆಂಡ್. ಮಾರುಕಟ್ಟೆ ಬದಲಾದದ್ದು ದೊಡ್ಡ ಫೈಲು ಬೇಗ ಬಂದದ್ದರಿಂದ ಅನ್ನುವುದಕ್ಕಿಂತ, ಚಿಕ್ಕ ಫೈಲನ್ನು ಪದೇಪದೇ ಕಳಿಸುವುದು ಅಗ್ಗವಾದದ್ದರಿಂದ.

ಡಿಸ್ಕ್ ಒತ್ತಿದ ಮೇಲೆ ತಪ್ಪು ಸಿಕ್ಕರೆ ಮತ್ತೆ ಒತ್ತಬೇಕಿತ್ತು, ಹಾಗಾಗಿ ಪರೀಕ್ಷೆ ಕಟ್ಟುನಿಟ್ಟಾಗಿತ್ತು. ಈಗ ಅರೆಬೆಂದದ್ದನ್ನೇ ಬಿಟ್ಟು ಆಮೇಲೆ ತಿದ್ದುತ್ತಾರೆ. ತಿದ್ದುತ್ತಲೇ ಇರುವುದಾದರೆ ಒಮ್ಮೆ ಮಾರುವುದಕ್ಕಿಂತ ತಿಂಗಳ ಬಾಡಿಗೆ ಲಾಭ: ಫೋಟೋಶಾಪ್ ತಯಾರಿಸುವ ಅಡೋಬಿ 2013ರಲ್ಲಿ ಬಾಡಿಗೆಯ ಕ್ರಿಯೇಟಿವ್ ಕ್ಲೌಡ್‌ಗೆ ವಾಲಿದ್ದು ಹೀಗೆ. ಅಂಚೆಯಲ್ಲಿ ಉಚಿತ ಸಿಡಿ ಕಳಿಸುತ್ತಿದ್ದ ಉಬುಂಟು ಆಪರೇಟಿಂಗ್ ಸಿಸ್ಟಮ್‌ನ ಶಿಪ್‌ಇಟ್ ಸೇವೆ 2011ರಲ್ಲಿ ನಿಂತಿತು.

ಈಗ ಎಲ್ಲರೂ ಎಡವುವ ಜಾಗ. ಲೈನು 100 ಎಂಬಿಪಿಎಸ್, ಅಮೆರಿಕದ ಸರ್ವರಿನಿಂದ ಇಳಿಯುವುದು ಮಾತ್ರ 2.6. ದೂರು ಕೊಡುವ ಮುಂಚೆ ಎಪಿಎಂಸಿಗೆ ಮೆಕ್ಕೆಜೋಳ ಸಾಗಿಸುವುದನ್ನು ನೆನೆಸಿಕೊಳ್ಳಿ. ಒಂದೇ ಟ್ರ್ಯಾಕ್ಟರ್ ಇದ್ದು, ಅದು ಖಾಲಿಯಾಗಿ ವಾಪಸ್ ಬರುವ ತನಕ ಎರಡನೇ ಲೋಡು ಹೊರಡದಿದ್ದರೆ, ರಸ್ತೆ ಆರು ಪಥದ್ದಾದರೂ ಅಷ್ಟೇ. ನೆಟ್‌ನಲ್ಲಿ ಡೇಟಾ ಸಾಗಿಸುವ ನಿಯಮಾವಳಿಯಾದ ಟಿಸಿಪಿಯಲ್ಲಿ ಆ ಲೋಡಿನ ಹೆಸರು ವಿಂಡೋ. ವಿಂಡೋ ತುಂಬುವಷ್ಟು ಕಳಿಸಿದ ಸರ್ವರ್ 'ತಲುಪಿತು' ಅನ್ನುವ ಉತ್ತರಕ್ಕೆ ಕಾಯುತ್ತದೆ. ವಿಂಡೋ 65,536 ಬೈಟ್, ಹೋಗಿಬರುವ ಸಮಯ 200 ಮಿಲಿಸೆಕೆಂಡ್ ಇಟ್ಟುಕೊಳ್ಳಿ: 65,536 ÷ 0.2 = ಸೆಕೆಂಡಿಗೆ 3,27,680 ಬೈಟ್. ಎಂಟರಿಂದ ಗುಣಿಸಿದರೆ 2.6 ಎಂಬಿಪಿಎಸ್. ಈ ಸೂತ್ರದಲ್ಲಿ ಲೈನಿನ ವೇಗ ಎಲ್ಲೂ ಇಲ್ಲ, ಗಮನಿಸಿ. ಅದೇ ವಿಂಡೋ, 10 ಮಿಲಿಸೆಕೆಂಡ್ ದೂರದ ಬೆಂಗಳೂರಿನ ಸರ್ವರ್ ಆದರೆ 52 ಎಂಬಿಪಿಎಸ್.

ಪರಿಹಾರ ಎರಡು. ಲೋಡು ಹೆಚ್ಚಿಸುವುದು ಒಂದು: 200 ಮಿಲಿಸೆಕೆಂಡಿನಲ್ಲಿ 100 ಎಂಬಿಪಿಎಸ್ ತುಂಬಲು 2.5 ಎಂಬಿ ವಿಂಡೋ ಬೇಕು. ಈಗಿನ ಆಪರೇಟಿಂಗ್ ಸಿಸ್ಟಮ್‌ಗಳು ವಿಂಡೋ ಸ್ಕೇಲಿಂಗ್‌ನಿಂದ ತಾವೇ ಹಿಗ್ಗಿಸುತ್ತವೆ, ಆದರೆ ಪ್ಯಾಕೆಟ್ (ಡೇಟಾದ ತುಣುಕು) ದಾರಿಯಲ್ಲಿ ಕಳೆದರೆ ಕಳಿಸುವವನೇ ಕೈ ಬಿಗಿಹಿಡಿಯುತ್ತಾನೆ. ಇನ್ನೊಂದು, ಗೋದಾಮನ್ನೇ ಹತ್ತಿರ ತರುವುದು: ಸಿಡಿಎನ್, ಅಂದರೆ ಬಳಕೆದಾರರ ಹತ್ತಿರದ ಸರ್ವರ್‌ಗಳಲ್ಲಿ ಫೈಲಿನ ಪ್ರತಿ ಇಡುವ ಜಾಲ. ಸಾಫ್ಟ್‌ವೇರ್ ಹಂಚಿಕೆಯ ಹಣ ಡಿಸ್ಕ್, ಡಬ್ಬಿ, ಡೀಲರ್ ಕಮಿಷನ್ ಬಿಟ್ಟು ಇಲ್ಲಿಗೆ ಹರಿಯಿತು.

ಗುರುತಿಸುವ ಕೀಲಿ: ಡೌನ್‌ಲೋಡ್ ಮ್ಯಾನೇಜರಿನಲ್ಲಿ ನಾಲ್ಕು ಕನೆಕ್ಷನ್ ತೆರೆಯಿರಿ. ವೇಗ ನಾಲ್ಕು ಪಟ್ಟಿನ ಹತ್ತಿರ ಹೋದರೆ ಲೈನು ಸರಿಯಿದೆ, ಒಂದೊಂದು ಕನೆಕ್ಷನ್ನಿಗೆ ಕಡಿವಾಣ ಬಿದ್ದಿದೆ. ಏರದಿದ್ದರೆ ಮೊದಲು ಅನುಮಾನಿಸಬೇಕಾದ್ದು ವೈಫೈ.

ಡಿಟಿಪಿ ಅಂಗಡಿಯಲ್ಲಿ ಪುಟ ಜೋಡಿಸುವ ಹಳೇ ಪೇಜ್‌ಮೇಕರ್, ನುಡಿ ಫಾಂಟು ಇನ್ನೂ ಓಡುವುದಕ್ಕೂ ಕಾರಣವಿದೆ. ನೆಟ್ ಇಲ್ಲದಾಗ ಬಾಡಿಗೆ ಸಾಫ್ಟ್‌ವೇರಿನ ಲೈಸೆನ್ಸ್ ತಪಾಸಣೆಯ ಗಡುವು ಮುಗಿದರೆ ಮದುವೆ ಕಾರ್ಡು ಅರ್ಧಕ್ಕೇ ನಿಲ್ಲುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿದವರಿಗೆ ಒಂದು ಬಾಲಂಗೋಚಿ: ದಿನಕ್ಕೆ 1.5 ಜಿಬಿ ಪ್ಲಾನ್ ಅಂದರೆ ದಿನದ ಸರಾಸರಿ 0.14 ಎಂಬಿಪಿಎಸ್, ಟವರ್ 5ಜಿ ಆದರೂ. 60 ಜಿಬಿ ಗೇಮ್‌ಗೆ 40 ದಿನ. ಅದಕ್ಕೆ ಬಸ್ಸೇ ವಾಸಿ.