ಹೊಳೆ ಬಂದ ದಿನ ಮೋಟರ್ ಚಾಲೂ ಆಗಬೇಕಾದರೆ

ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯಲ್ಲಿ ಪ್ರವಾಹದ ಕೆಲಸಕ್ಕೆಂದು ಇಟ್ಟ ರಬ್ಬರ್ ಬೋಟಿಗೆ ವರ್ಷದಲ್ಲಿ ಕೆಲವೇ ದಿನ ಕೆಲಸ. ಉಳಿದ ತಿಂಗಳು ಅದು ಗಾಳಿ ಇಳಿಸಿಕೊಂಡು ಗೋದಾಮಿನಲ್ಲಿ ಮಡಚಿ ಬಿದ್ದಿರುತ್ತದೆ. ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟರ್ ಪಕ್ಕದಲ್ಲೇ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. 2019ರ ಆಗಸ್ಟಿನಲ್ಲಿ ಬಂದಂಥ ಹೊಳೆ ಮತ್ತೆ ಬಂದು, ಚಿಕ್ಕೋಡಿ ಕಡೆಯೋ ಮುಧೋಳ ಕಡೆಯೋ ತೋಟದ ಮನೆಯ ಮಾಳಿಗೆ ಮೇಲೆ ಜನ ಕಾಯುತ್ತ ಕುಳಿತ ಹೊತ್ತಿನಲ್ಲಿ ಹಗ್ಗ ಎಳೆದರೆ, ಮೋಟರ್ ಎರಡು ಸಲ ಕೆಮ್ಮಿ ಬಂದ್ ಬೀಳುತ್ತದೆ. ಬೈಸಿಕೊಳ್ಳುವುದು ಮೋಟರ್. ಆದರೆ ಇಂಥ ಕಡೆ ನಾನು ಮೊದಲು ಸಂಶಯಪಡುವುದು ಟ್ಯಾಂಕಿನಲ್ಲಿ ಕೂತ ಹಳೆಯ ಪೆಟ್ರೋಲನ್ನು.

ಪೆಟ್ರೋಲ್ ಎಂದರೆ ಒಂದೇ ವಸ್ತುವಲ್ಲ, ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಮೊದಲು ಆವಿಯಾಗಿ ಹೋಗುತ್ತವೆ. ತಣ್ಣಗಿರುವ ಎಂಜಿನ್ ಸುಲಭವಾಗಿ ಚಾಲೂ ಆಗಲು ಬೇಕಾದದ್ದು ಅವೇ. ಉಳಿದವುಗಳಲ್ಲಿ ಕೆಲವು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಂಟಾಗುತ್ತವೆ. ಕಾರ್ಬೋರೇಟರಿನ ಬಟ್ಟಲಿನಲ್ಲಿ ಉಳಿದಿದ್ದ ಸ್ವಲ್ಪ ಪೆಟ್ರೋಲ್ ಆರಿ, ಬೆಲ್ಲದ ಕೊಪ್ಪರಿಗೆಯ ಅಂಚಿಗೆ ಹತ್ತಿದ ಪಾಕದಂತೆ ಕಂದು ಬಣ್ಣಕ್ಕೆ ಗಟ್ಟಿಯಾಗುತ್ತದೆ. ನಿಧಾನ ನಡಿಗೆಗೆ ಪೆಟ್ರೋಲ್ ಬಿಡುವ, ಸೂಜಿಮೊನೆಯಷ್ಟು ಸಣ್ಣ ತೂತಿನ ಪೈಲಟ್ ಜೆಟ್ ಮುಚ್ಚಲು ಅಷ್ಟು ಸಾಕು. ಗಾಳಿ ತಗ್ಗಿಸುವ ಚೋಕ್ ಎಳೆದಾಗ ನಡೆದು, ಚೋಕ್ ಬಿಟ್ಟ ಕೂಡಲೇ ನಿಲ್ಲುವ ಮೋಟರ್ ಹೇಳುತ್ತಿರುವುದು ಇದನ್ನೇ: ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ. ಜೆಟ್ ಬಿಚ್ಚಿ ಕ್ಲೀನರ್ ಹಾಕಿ, ಗಾಳಿ ಊದಿ ತೂತು ಬಿಡಿಸಬೇಕು. ತಂತಿ ತುರುಕಿದರೆ ತೂತು ಅಗಲವಾಗಿ ಅಳತೆಯೇ ಕೆಡುತ್ತದೆ.

ಇದು ಹಳೆಯ ಕಾಯಿಲೆ. ಈಗ ಇನ್ನೊಂದು ಸೇರಿದೆ, ಅದರ ಬೇರು ನಮ್ಮ ಹೊಲದಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುತ್ತದೆ. ಅದರ ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಎಥೆನಾಲ್ ತೆಗೆಯುತ್ತಾರೆ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 10ರಷ್ಟಿದ್ದ ಎಥೆನಾಲ್ 2025ರ ಹೊತ್ತಿಗೆ 20ಕ್ಕೆ ಏರಿತು. ರೈತನಿಗೆ ಇದರಿಂದ ಆಗುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ದಿನಾ ಓಡುವ ಬೈಕಿನಲ್ಲಿ ಈ ಪೆಟ್ರೋಲಿಗೆ ಹಳೆಯದಾಗಲು ಪುರುಸೊತ್ತೇ ಸಿಗುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಬೋಟಿನ ಲೆಕ್ಕ ಬೇರೆ.

ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ಬರೀ ಪೆಟ್ರೋಲಿಗೆ ನೀರು ಬಿದ್ದರೆ ಅದು ತಳಕ್ಕಿಳಿದು ತನ್ನ ಪಾಡಿಗೆ ಕೂರುತ್ತದೆ. ಎಥೆನಾಲ್ ಬೆರೆತಿದ್ದರೆ ಆ ನೀರನ್ನು ಸ್ವಲ್ಪ ಮಟ್ಟಿಗೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೂರಕ್ಕೆ 10ರ ಮಿಶ್ರಣ ಹಿಡಿಯುವುದು ನೂರು ಭಾಗಕ್ಕೆ ಸುಮಾರು ಅರ್ಧ ಭಾಗ ನೀರು, ಅಂದರೆ 25 ಲೀಟರಿನ ಟ್ಯಾಂಕಿನಲ್ಲಿ 125 ಮಿಲಿಲೀಟರ್. ನೂರಕ್ಕೆ 20ರದು ಇನ್ನೂ ಹೆಚ್ಚು ತಡೆಯುತ್ತದೆ. ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ. 25 ಲೀಟರಿನಲ್ಲಿ ಎಥೆನಾಲೇ 5 ಲೀಟರ್ ಇರುವಾಗ, ತಳದಲ್ಲಿ ಕೂರುವುದು ಲೀಟರುಗಟ್ಟಲೆ ದ್ರವ. ಪೆಟ್ರೋಲ್ ಹೀರುವ ಪೈಪಿನ ಬಾಯಿ ಇರುವುದೂ ಅಲ್ಲೇ. ಮೋಟರ್ ಮೊದಲು ಕುಡಿಯುವುದು ಇದನ್ನು, ಸಾಮಾನ್ಯವಾಗಿ ನಿಂತೇ ಬಿಡುತ್ತದೆ. ನಿಲ್ಲದೆ ಹೇಗೋ ನಡೆದರೆ ಇನ್ನೂ ಕೆಟ್ಟದ್ದು. ಟೂ-ಸ್ಟ್ರೋಕ್ ಮೋಟರಿಗೆ ಲೀಟರಿಗೆ 20 ಮಿಲಿಲೀಟರಿನಂತೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದಿರುತ್ತದೆ. ಜಾರಿಕೆಯಿಲ್ಲದೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗಬಹುದು.

ಹವೆಯ ತೇವದಿಂದಲೇ ಇಷ್ಟೆಲ್ಲ ನೀರು ಸೇರುತ್ತದೆ ಎಂಬುದನ್ನು ನಾನು ಹೆಚ್ಚು ನಂಬುವುದಿಲ್ಲ. ಮುಚ್ಚಳದ ವಾಷರ್ ಹೋಗಿ ಇಳಿದ ಮಳೆನೀರು, ಸುರಿಯುವ ಮಳೆಯಲ್ಲೇ ಕ್ಯಾನಿನಿಂದ ಸುರಿದ ಪೆಟ್ರೋಲ್, ಇವೇ ದೊಡ್ಡ ದಾರಿಗಳು.

ನೋಡಿ ತಿಳಿಯಲು ಗಾಜಿನ ಬಾಟಲಿ ಸಾಕು. ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರ, ಟ್ಯಾಂಕಿನ ತಳದಿಂದ ಒಂದಿಷ್ಟು ತೆಗೆದು ಅಲುಗಾಡಿಸದೆ ಇಡಬೇಕು. ಒಳ್ಳೆಯದಾದರೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ತಿಳಿಯಾಗಿರುತ್ತದೆ. ಬೇರ್ಪಟ್ಟಿದ್ದರೆ ನಡುವೆ ಗೆರೆ ಎಳೆದಂತೆ ಎರಡು ಪದರ ಕಾಣುತ್ತವೆ, ಕೆಲವೊಮ್ಮೆ ಮಸುಕು ಮಸುಕಾಗಿರುತ್ತದೆ. ಮೇಲೆ ಹೊಸ ಪೆಟ್ರೋಲ್ ಸುರಿದು ಇದನ್ನು ಸರಿಮಾಡಲು ಹೋಗಬಾರದು. ಬಾಟಲಿಯಲ್ಲಿ ಮಾರುವ ಸ್ಟೆಬಿಲೈಸರ್ ಅಂಟಾಗುವುದನ್ನು ತಡ ಮಾಡುತ್ತದೆ, ಒಮ್ಮೆ ಬೇರ್ಪಟ್ಟದ್ದನ್ನು ಕೂಡಿಸುವುದಿಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒರೆಸಬೇಕು. ತೆಗೆದದ್ದನ್ನು ಹೊಳೆಗೋ ಗಟಾರಕ್ಕೋ ಚೆಲ್ಲಬಾರದು.

ಪೆಟ್ರೋಲ್ ಚೆನ್ನಾಗಿದ್ದೂ ಮೋಟರ್ ನಿಂತರೆ? ಮೊದಲು ಸವಾರನ ಕೈಗೆ ಕಟ್ಟುವ, ಕಳಚಿದರೆ ಮೋಟರ್ ನಿಲ್ಲಿಸುವ ಕೆಂಪು ಸುರಕ್ಷತಾ ಹುರಿ ಸ್ವಿಚ್ಚಿನಲ್ಲಿ ಕೂತಿದೆಯೇ ನೋಡಿ, ಗಡಿಬಿಡಿಯಲ್ಲಿ ಮರೆತುಹೋಗುವುದು ಅದೇ. ಆಮೇಲೆ ಟ್ಯಾಂಕಿಗೂ ಮೋಟರಿಗೂ ನಡುವಿನ ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಹಿಡಿಯಿರಿ. ಅದರ ಮೇಲಿನ ಬಾಣ ಮೋಟರಿನ ಕಡೆ ಇರಬೇಕು. ಹಿಚುಕುತ್ತ ಹೋದರೆ ಕೆಲವು ಸಲಕ್ಕೆ ಗಟ್ಟಿಯಾಗಬೇಕು. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಜೊತೆಗೆ ಕಾರ್ಬೋರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ತೆರೆದೇ ಕಚ್ಚಿಕೊಂಡಿದೆ. ಮೋಟರ್ ನಡೆಯುವಾಗ ಬಲ್ಬ್ ಚಪ್ಪಟೆಯಾಗಿ ಒಳಗೆ ಹೀರಿಕೊಂಡರೆ ಅಡಚಣೆ ಟ್ಯಾಂಕಿನ ಕಡೆಗಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಬಿಡುವ ತಿರುಪನ್ನು ಸಡಿಲಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ಮುಗಿಯುತ್ತದೆ. ಮೋಟರ್ ಸೋಲುವಾಗ ಬಲ್ಬ್ ಹಿಚುಕಿದರೆ ಮತ್ತೆ ಎದ್ದು ನಿಲ್ಲುತ್ತದೆಯೇ? ಹಾಗಾದರೆ ಮೋಟರಿನಲ್ಲೇ ಇರುವ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ ಸೋತಿರುವ ಸಂಭವವೇ ಹೆಚ್ಚು. ಟೂ-ಸ್ಟ್ರೋಕಿನಲ್ಲಿ ಈ ತೆಳು ಪೊರೆಯನ್ನು ಮಿಡಿಸುವುದು ಕ್ರ್ಯಾಂಕ್‌ಕೇಸಿನೊಳಗಿನ ಒತ್ತಡದ ಏರಿಳಿತ. ಹಳೆಯ ಮಾದರಿಯ ರಬ್ಬರಾದರೆ ಎಥೆನಾಲ್ ಅದನ್ನು ಊದಿಸುತ್ತದೆ, ಬಿರುಸಾಗಿಸುತ್ತದೆ.

ಇಷ್ಟನ್ನೂ ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಬೇಕು. ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕಿ, ಮೋಟರಿನ ಕೆಳಭಾಗ ಮುಳುಗುವಂತೆ ನೀರಿನ ಡ್ರಮ್ಮಿನಲ್ಲಿಟ್ಟು ನಡೆಸುವುದು ರೂಢಿ. ನೀರಿಲ್ಲದೆ ನಡೆಸಿದರೆ ತಂಪು ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಬೇಗ ಸುಟ್ಟುಹೋಗುತ್ತದೆ. ಆದರೆ ಡ್ರಮ್ಮಿನ ಪರೀಕ್ಷೆಯೊಂದನ್ನೇ ನಂಬಿ ಕೂರುವುದು ನನಗೆ ಸರಿಕಾಣದು. ನಿಧಾನ ನಡೆಯುವ ಮೋಟರಿಗೆ ಬೇಕಾಗುವುದು ಸ್ವಲ್ಪವೇ ಪೆಟ್ರೋಲ್, ಅಷ್ಟನ್ನು ಸೋತ ಪೆಟ್ರೋಲ್ ಪಂಪೂ ಒದಗಿಸುತ್ತದೆ. 25 ಎಚ್‌ಪಿಯ ಟೂ-ಸ್ಟ್ರೋಕ್ ಪೂರ್ತಿ ಥ್ರಾಟಲಿನಲ್ಲಿ ತಾಸಿಗೆ ಸುಮಾರು 10 ಲೀಟರ್ ಕೇಳುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದ್ದರೂ ಹಿಪ್ಪರಗಿ, ಚಿಕ್ಕಪಡಸಲಗಿ ಬ್ಯಾರೇಜಿನ ಹಿಂದೆಯೋ ಆಲಮಟ್ಟಿಯ ಹಿನ್ನೀರಿನಲ್ಲೋ ಸಾಕಷ್ಟು ನೀರಿರುವ ಜಾಗ ನೋಡಿ, ಲೈಫ್ ಜಾಕೆಟ್ ಹಾಕಿಕೊಂಡ ಜನರನ್ನು ಬೋಟ್ ತುಂಬ ಕೂರಿಸಿಕೊಂಡು, ಅರ್ಧ ತಾಸು ಪೂರ್ತಿ ಥ್ರಾಟಲಿನಲ್ಲಿ ಓಡಿಸಬೇಕು.